ಸೋಪು ಮುಟ್ಟದ ಬಟ್ಟೆ

ಕ್ಲೇಟನ್, ಮೆಲ್ಬರ್ನ್
5 ಫೆಬ್ರವರಿ 2007

ವಾಸಂತಿ ಅಕ್ಕಾ,

ಫೋನ್‌ನ್ಯಾಗ ಇದನ್ನೆಲ್ಲಾ ಹೇಳಾಕ ಆಗಲಿಲ್ಲ. ಫೋನ್ ಇರೂದು ಹಾಲ್‌ನ್ಯಾಗ, ಅದರ ಬಾಜೂಕ ನಮ್ಮತ್ತಿ ಕೂತಿರ್ತಾರ. ಹುಬ್ಬಳ್ಳಿಯಿಂದ ನನ್ನ ಬಾಣಂತನಕ್ಕ ಬಂದಾರೋ, ಫೋನ್ ಕಾಯಾಕ ಬಂದಾರೋ ತಿಳೀವಲ್ದು. ಅದಕ್ಕ ಹಳೇ ಕಾಲದವರಂಗ ಕಾಗದ ಬರ್ಯಾಕತ್ತೀನಿ, ನಗಬ್ಯಾಡ.

ಕೂಸಿನ ಮೈತುಂಬ ಗುಳ್ಳಿ ಎದ್ದಾವ. ಕುತ್ತಿಗಿ ಮಡಿಕ್ಯಾಗ, ಬೆನ್ನ ಮ್ಯಾಲ, ತೊಡಿಸಂದ್ಯಾಗ, ಎಲ್ಲಾ ಕಡೆ ಕೆಂಪಗ. ಹುಟ್ಟಿ ಇನ್ನೂ ಮೂರು ವಾರ ತುಂಬಿಲ್ಲ ಅಕ್ಕಾ. ಜಿಪಿ ಡಾಕ್ಟರ್ ಹತ್ರ ಕರ್ಕೊಂಡು ಹೋದ್ರ, "ಬ್ಯಾಸಗಿ ಗುಳ್ಳಿ, ತಾನ ಹೋಗ್ತಾವ" ಅಂದು ಕಳಿಸಿದ್ರು. ಅತ್ತಿ ನಂಬಲಿಲ್ಲ. ಖರೇ ಹೇಳಬೇಕಂದ್ರ ನಾನೂ ನಂಬಲಿಲ್ಲ.

ಅತ್ತಿ ಪ್ರಕಾರ ಎಲ್ಲಾದಕ್ಕೂ ಕಾರಣ ನನ್ನ ಅರಿವಿ ಒಗಿಯೋ ಪೌಡರ್. ನಿನಗ ಗೊತ್ತಲ್ಲ, ಇಲ್ಲೀ ಮುನ್ಸಿಪಲ್ ಕೌನ್ಸಿಲ್‌ನ್ಯಾಗ ನನ್ನ ಕೆಲಸನ ಮಂದಿಗೆ "ಕಸ ಕಡಿಮಿ ಮಾಡ್ರಿ" ಅಂತ ಹೇಳೂದು. ಅಂಥಾಕಿ ಮನ್ಯಾಗ ಪ್ಲಾಸ್ಟಿಕ್ ನ್ಯಾಪಿ ಹೆಂಗ ತರ್ಲಿ? ಬಸುರಿದ್ದಾಗ ಎಲ್ಲಾರ ಮುಂದ ಜಂಬ ಕೊಚ್ಚೀನಿ, ನನ್ನ ಕೂಸಿನ ಒಂದು ನ್ಯಾಪಿ ಸೈತ ಮಣ್ಣಾಗ ಹೂಳಾಕ ಬಿಡೂದಿಲ್ಲ ಅಂತ. ಬಟ್ಟಿನ್ಯಾಪಿ ಅಂದ್ರ ದಿನಾ ಒಗೀಬೇಕು. ಬ್ಯಾಸಗಿ, ಮ್ಯಾಲ ಬರಗಾಲ, ಊರಾಗ ನೀರಿಲ್ಲ, ಪೈಪ್ ಹಿಡದು ಗಿಡಕ್ಕ ನೀರು ಬಿಟ್ರ ಫೈನ್ ಹಾಕ್ತಾರ. ಮಷೀನಿನ ನೀರನ್ನ ಬಕೀಟಿನ್ಯಾಗ ಹಿಡದು ಕರಿಬೇವಿಗೆ ಹಾಕ್ತೀನಿ. ಹಂಗಾಗಿ ಉಪ್ಪು ಕಡಿಮಿ ಇರೂದು, ಫಾಸ್ಫೇಟ್ ಇಲ್ಲದ್ದು, ವಾಸನಿ ಇಲ್ಲದ್ದು ಅಂತ ಹುಡುಕಿ ಹುಡುಕಿ ತಂದೀನಿ. ಒಂದು ಡಬ್ಬಿ ಮ್ಯಾಲ ಎಲಿ ಚಿತ್ರ ಐತಿ, ಇನ್ನೊಂದರ ಮ್ಯಾಲ ಮೊಲ. ಮೂರನೇದ್ದಕ್ಕ ಹೆಲ್ತ್ ಅಂಗಡಿಗೆ ನಮ್ಮನಿ ಬಾಟಲಿನ ಒಯ್ದು ತುಂಬಿಸ್ಕೊಂಡು ಬಂದೆ. ಮೂರೂ ಹಾಕಿ ನೋಡಿದೆ. ಗುಳ್ಳಿ ಹೆಚ್ಚಾದುವು, ಕಡಿಮಿ ಆಗಲಿಲ್ಲ.

"ಗಿಡಕ್ಕ ಛಲೋ ಪೌಡರ್ ತಂದಾಳ, ಕೂಸಿಗೆ ಛಲೋ ಇಲ್ಲ" ಅಂತ ಅತ್ತಿ ನೆಂಟರಿಗೆಲ್ಲಾ ಹೇಳ್ಕೋತ ಕೂತಾರ. ನಮ್ಮನಿಯವರು, ವಿರೂಪಾಕ್ಷ, ಆಫೀಸಿಂದ ಬಂದು ಕೂಸಿನ ಬೆನ್ನು ನೋಡ್ತಾರ, ಆಮ್ಯಾಲ ನನ್ನ ಮಾರಿ ನೋಡ್ತಾರ.

ಅವ್ವ ಇದ್ದಿದ್ರ ಅವ್ವನ್ನ ಕೇಳ್ತಿದ್ದೆ. ಈಗ ನೀನ ಅವ್ವ. ಏನು ಮಾಡ್ಲಿ ಹೇಳು.

ಪಲ್ಲವಿ


ಲಿವರ್‌ಪೂಲ್, ಸಿಡ್ನಿ
9 ಫೆಬ್ರವರಿ 2007

ಏ ಹುಚ್ಚಿ,

ಮೂರು ಡಬ್ಬಿ ಪೌಡರ್ ಇಟ್ಕೊಂಡು ಲ್ಯಾಬೊರೇಟರಿ ನಡ್ಸಾಕತ್ತೀಯೇನ? ಓದಿದ್ದು ಜಾಸ್ತಿ ಆದ್ರ ಹಿಂಗ. ಎಲಿ ಅಂತ, ಮೊಲ ಅಂತ! ಡಬ್ಬಿ ಮ್ಯಾಲ ಸಾಕ್ಷಾತ್ ಬಸವಣ್ಣನ ಚಿತ್ರ ಹಾಕಿದ್ರೂ ಒಳಗಿರೂದು ಕೆಮಿಕಲ್ಲೇ.

ಈಗ ನಾ ಹೇಳಿದಂಗ ಕೇಳು. ಆ ಮೂರನ್ನೂ ಒಂದು ಕಡೆ ಕಟ್ಟಿ ಇಡು. ನ್ಯಾಪಿ ಒಗ್ಯಾಕ ಅಂಟುವಾಳಕಾಯಿ ಕಳಿಸೀನಿ, ಇಲ್ಲೇ ನಮ್ಮವರ ಅಂಗಡ್ಯಾಗ ಸಿಕ್ಕುವು. ನಾಕೈದು ಕಾಯಿ ಕುದಿಸಿ ಸೋಸಿದ್ರ ಆತು. ಅವ್ವ ತನ್ನ ಛಲೋ ಸೀರಿ ಎಲ್ಲಾ ಅದರಾಗ ಒಗೀತಿದ್ಲು. ನಿನ್ನ ಕರಿಬೇವೂ ಸಾಯೂದಿಲ್ಲ, ನಿನ್ನ ಜಂಬಾನೂ ಉಳೀತೈತಿ.

ಇನ್ನ ಕೂಸಿಗೆ ಸುತ್ತೂ ಬಟ್ಟಿ. ಪೌಡರ್‌ನ್ಯಾಗ ಒಗದಿದ್ದು ಯಾವದೂ ಮುಟ್ಟಿಸಬ್ಯಾಡ. ಹೋದ ವರ್ಷ ಅವ್ವನ ಕಾರ್ಯಕ್ಕ ಧಾರವಾಡಕ್ಕ ಹೋದಾಗ ಅವ್ವನ ಎರಡು ಕಾಟನ್ ಸೀರಿ ತಂದಿದ್ನಲ್ಲ, ಅವನ್ನ ಹರಕೊಂಡು ಸುತ್ತೂ ಬಟ್ಟಿ ಮಾಡೀನಿ. ಅದರ ಜೋಡಿ ಒಂದು ಸಣ್ಣ ಕೌದಿ. ಅದೂ ಅವ್ವನ ಹಳೇ ಸೀರೀದ. ಭಾಳ ವರ್ಷದ ಹಿಂದ ನಾನ ಹೊಲದಿದ್ದೆ. ಯಾರಿಗಂತ ಹೊಲದಿದ್ದೆ ಅನ್ನೂದು ಈಗ ಬ್ಯಾಡ. ಅದು ಯಾರಿಗೂ ಹಾಸಲಾರದ ಉಳೀತು, ಅಷ್ಟ ಸಾಕು.

ಎಲ್ಲಾ ಟ್ರಂಕಿನ್ಯಾಗ ಬಂದೋಬಸ್ತ್ ಇಟ್ಟಿದ್ದೆ. ಮಡಿಕಿ ಮಡಿಕಿಗೆ ನುಸಿ ಗುಳಿಗಿ ಹಾಕಿ ಇಟ್ಟೀನಿ, ಒಂದು ಹುಳಾ ಮುಟ್ಟಿಲ್ಲ ನೋಡು. ಇವು ಸೋಪು ಮುಟ್ಟದ ಬಟ್ಟಿ ಪಲ್ಲೂ. ಬಂದ ಕೂಡ್ಲೆ ಹೊದಿಸು, ಒಗ್ಯಾಕ ಹೋಗಬ್ಯಾಡ. ಒಗದ್ರ ಮತ್ತ ಅದ ಮಷೀನು, ಅದ ಪೌಡರಿನ ಜಿಡ್ಡು ಹತ್ತತೈತಿ.

ನಿಮ್ಮತ್ತಿಗೆ ನನ್ನ ಶರಣು ಹೇಳು. ಫೋನ್ ಛಲೋ ಕಾಯ್ರಿ ಅಂತನೂ ಹೇಳು.

ವಾಸಂತಿ


ಕ್ಲೇಟನ್
15 ಫೆಬ್ರವರಿ 2007

ಅಕ್ಕಾ,

ಪಾರ್ಸಲ್ ಬಂತು. ಬಿಚ್ಚಿದ ಕೂಡ್ಲೆ ಅವ್ವನ ಟ್ರಂಕ್ ತಗದಂಗ ಆತು. ಆ ವಾಸನಿ! ಸಣ್ಣವರಿದ್ದಾಗ ದೀಪಾವಳಿಗೆ ಅವ್ವ ಟ್ರಂಕ್ ತಗೀತಿದ್ಲಲ್ಲ, ನಾನೂ ನೀನೂ ಅದರಾಗ ತಲಿ ಹಾಕಿ ಉಸುರು ಎಳಕೋತಿದ್ವಿ. ಅವ್ವ ಹೋದಾಗ ಪಿಆರ್, ಇಲ್ಲೇ ನೆಲಸೂ ಪರವಾನಗಿ, ಕೈಗೆ ಬಂದಿರಲಿಲ್ಲ, ವೀಸಾ ತೊಂದರಿಯಿಂದ ಮಣ್ಣಿಗೆ ಸೈತ ಬರಾಕ ಆಗಲಿಲ್ಲ. ಮೊನ್ನೆ ಆ ಕೌದಿ ಮಾರಿಗೆ ಹಿಡಕೊಂಡು ಎಷ್ಟ ಅತ್ತೆ ಅಂದ್ರ, ಅತ್ತಿ ಬಂದು ನೀರು ಕೊಟ್ಟು ಹೋದ್ರು.

ಗುಳ್ಳಿ ಕಡಿಮಿ ಆಗ್ಯಾವ ಅಕ್ಕಾ! ಖರೇನ ಬಾಡ್ಯಾವ. ಬಿಸಿಲೂ ಸ್ವಲ್ಪ ತಗ್ಗೈತಿ, ಆದ್ರ ನಾ ಇದನ್ನ ನಿನ್ನ ಲೆಕ್ಕಕ್ಕ ಹಾಕ್ತೀನಿ. ಅತ್ತಿ ಮಾರಿ ಮ್ಯಾಲೂ ನಗಿ ಬಂದೈತಿ. ದಿನಾ ಅರಿಷಿಣ ಎಣ್ಣಿ ಹಚ್ಚಿ ಎರೀತಾರ, ಕೂಸು ಬಂಗಾರದ ಬಣ್ಣಕ್ಕ ತಿರಗೈತಿ. ಅಂಟುವಾಳದಾಗ ನ್ಯಾಪಿ ಬೆಳ್ಳಗ ಆಗ್ತಾವ ಅಂದ್ಕೊಂಡಿದ್ದೆ, ಆಗೂದಿಲ್ಲ. ಚಹಾದ ನೀರಿನಂಗ ಕಂದು ಕಲಿ ಉಳೀತಾವ. ಕಾಯಿ ಬಣ್ಣ ಇರಬೇಕು. ಇರ್ಲಿ, ಬಣ್ಣ ತೊಗೊಂಡು ಏನು ಮಾಡೂದೈತಿ.

ವಿರೂಪಾಕ್ಷಗ ಮಾತ್ರ ಕೌದಿ ವಾಸನಿ ಸೇರೂದಿಲ್ಲ, ತಲಿನೋವು ಬರ್ತೈತಂತ. ಧಾರವಾಡದ ವಾಸನಿ ಹುಬ್ಬಳ್ಳಿಯವರಿಗೆ ಎಲ್ಲಿ ಸೇರ್ತೈತಿ ಅಂತ ಚೇಷ್ಟಿ ಮಾಡಿದೆ.

ಮೊದಲು ಕೂಸು ಗಳಿಗಿಗೊಮ್ಮೆ ಎದ್ದು ಅಳ್ತಿತ್ತು. ಈಗ ಕೌದ್ಯಾಗ ಸುತ್ತಿದ್ರ ಸಾಕು, ಮಲಗಿದ್ದು ಮಲಗೇ ಇರ್ತೈತಿ. ಹಾಲಿಗೂ ನಾನ ಎಬ್ಬಿಸಬೇಕು. ಎಷ್ಟ ದಿನದ ಮ್ಯಾಲ ನಾನೂ ಕಣ್ಣು ತುಂಬ ನಿದ್ದಿ ಮಾಡೀನಿ.

ನಿನ್ನ ಋಣ ಹೆಂಗ ತೀರಿಸ್ಲಿ.

ಪಲ್ಲವಿ


ಲಿವರ್‌ಪೂಲ್
19 ಫೆಬ್ರವರಿ 2007

ಪಲ್ಲೂ,

ನಾ ಹೇಳಲಿಲ್ಲೇನು! ಆಫೀಸಿನ್ಯಾಗ ಎಲ್ಲಾರಿಗೂ ಹೇಳ್ಕೋತ ತಿರುಗಾಕತ್ತೀನಿ, ನಮ್ಮ ತಂಗಿ ಎಂ.ಎಸ್ಸಿ. ಮಾಡ್ಯಾಳ, ನಾ ಅಂಟುವಾಳ ಮಾಡೀನಿ, ಗೆದ್ದಾಕಿ ನಾನು ಅಂತ.

ಮಲಗಿದ್ರ ಮಲಗ್ಲಿ, ಸುಮ್‌ಸುಮ್ಮನ ಎಬ್ಬಿಸಬ್ಯಾಡ. ಬೆಚ್ಚಗಿದ್ದ ಕೂಸು ಹಂಗ ಮಲಗ್ತೈತಿ. ಮೆಲ್ಬರ್ನಿನ ಹವಾ ನಂಬಬ್ಯಾಡ, ಮುಂಜಾನಿ ಬ್ಯಾಸಗಿ, ಸಂಜಿಗೆ ಛಳಿ. ತಲಿ ಮ್ಯಾಲಿಂದ ಹೊದಿಸು.

ಆ ಕೌದಿ ಕಡೀಕೂ ಒಂದು ಕೂಸಿನ ಮೈಮ್ಯಾಲ ಬಿತ್ತಲ್ಲ, ನನಗ ಅಷ್ಟ ಸಾಕು. ಫೋಟೊ ತಗದು ಕಳಿಸು.

ವಾಸಂತಿ


ಆಸ್ಪತ್ರಿ, ಮೆಲ್ಬರ್ನ್
21 ಫೆಬ್ರವರಿ 2007

ಅಕ್ಕಾ,

ನಿನ್ನೆ ಫೋನ್ ಹಚ್ಚಿದಾಗ ಅಳೂದು ಬಿಟ್ಟು ಏನೂ ಹೇಳಾಕ ಬರಲಿಲ್ಲ. ಈಗ ವಾರ್ಡಿನ ಹೊರಗ ಕುರ್ಚಿ ಮ್ಯಾಲ ಕೂತು ಬರ್ಯಾಕತ್ತೀನಿ. ಒಳಗ ರಕ್ತ ಬದಲಿ ಮಾಡಾಕತ್ಯಾರ. ಅಂವನ ಮೈಯಾಗಿನ ರಕ್ತ ಸ್ವಲ್ಪ ಸ್ವಲ್ಪ ತಗದು ಬ್ಯಾರೆ ರಕ್ತ ಹಾಕ್ತಾರಂತ. ಅಂಗೈಯಷ್ಟು ಕೂಸು ಅಕ್ಕಾ. ಅದರಾಗ ಎಷ್ಟ ರಕ್ತ ಇರ್ತೈತಿ?

ಆ ಬಂಗಾರದ ಬಣ್ಣ ಅರಿಷಿಣದ್ದಲ್ಲ. ಹೆಲ್ತ್ ನರ್ಸ್ ತೂಕ ನೋಡಾಕ ಮನಿಗೆ ಬಂದಿದ್ಲು. ಕಣ್ಣಿನ ಬಿಳೀನೂ ಹಳದಿ ಆಗಿದ್ದು ಆಕಿ ತೋರಿಸಿದ್ಲು. ಕಣ್ಣಿಗೆ ಯಾರೂ ಅರಿಷಿಣ ಹಚ್ಚೂದಿಲ್ಲಲ್ಲ. ನ್ಯಾಪಿ ಮ್ಯಾಲಿನ ಕಂದು ಕಲೀನೂ ಕಾಯಿದ್ದಲ್ಲ, ಅದು ಉಚ್ಚೀ ಬಣ್ಣ. ರಕ್ತ ಒಡದು ಉಚ್ಚ್ಯಾಗ ಹೊಂಟಿತ್ತು. ನಾ ದಿನಾ ಅದನ್ನ ತಿಕ್ಕಿ ತಿಕ್ಕಿ ಒಗದು ಆ ನೀರು ಕರಿಬೇವಿಗೆ ಹಾಕೀನಿ.

ನಿದ್ದಿನೂ ನಿದ್ದಿ ಅಲ್ಲ. ಏಳಾಕ ಶಕ್ತಿ ಇರಲಿಲ್ಲ ಅಂವಗ. ಕಾಮಾಲಿ ಏರಿದ್ರ ಮಿದುಳಿಗೆ ಹತ್ತತೈತಿ, ಕಿವಿ ಹೋಗಬಹುದು, ಇನ್ನೂ ಏನೇನೋ ಆಗಬಹುದು ಅಂದ್ರು. ಉಳೀತಾನೇನ್ರಿ ಅಂತ ಕೇಳಿದೆ. "ನಮ್ಮ ಕೈಲಾದದ್ದು ಎಲ್ಲಾ ಮಾಡಾಕತ್ತೀವಿ" ಅಂದ್ರು. ಇದಕ್ಕ ಏನು ಅರ್ಥ?

ಮನ್ಯಾಗ ಹೊಸಾದು ಏನು ಬಂದೈತಿ ಅಂತ ಡಾಕ್ಟರ್ ಕೇಳಿದ್ರು. ನಾ ವಿರೂಪಾಕ್ಷನ್ನ ಓಡಿಸಿದೆ. ಎಲಿ ಡಬ್ಬಿ, ಮೊಲದ ಡಬ್ಬಿ, ಆ ಬಾಟಲಿ, ಕುದಿಸಿಟ್ಟ ಅಂಟುವಾಳದ ನೀರು, ಎಲ್ಲಾ ಚೀಲದಾಗ ತುಂಬಿ ತಂದು ಡಾಕ್ಟರ ಟೇಬಲ್ ಮ್ಯಾಲ ಸುರುವಿದ್ರು. ಅತ್ತಿ ವಾರ್ಡ್ ನಡುವ ನಿಂತು ಗಟ್ಟಿ ದನ್ಯಾಗ "ಇವಳ ಪೌಡರ್ ನನ್ನ ಮೊಮ್ಮಗನ್ನ ತಿಂತು" ಅಂದ್ರು. ಯಾರಿಗೂ ಕನ್ನಡ ತಿಳೀಲಿಲ್ಲ, ಆದ್ರ ಎಲ್ಲಾರಿಗೂ ತಿಳೀತು.

ಅಂಟುವಾಳದಾಗ ಏನರೆ ಕಲಬೆರಕಿ ಇತ್ತೇನಕ್ಕಾ? ಯಾವ ಅಂಗಡೀದು? ತಡಾ ಮಾಡಬ್ಯಾಡ. ಇಲ್ಲೀ ಚಾದರಕ್ಕ ಎಂಥಾ ಸೋಪು ಹಾಕಿರ್ತಾರೋ ಏನೋ ಅಂತ ಹೆದರಿಕಿ, ಹಾಲು ಕುಡಿಸಾಕ ಎತ್ತಿಕೊಂಡಾಗೆಲ್ಲಾ ನಿನ್ನ ಕೌದ್ಯಾಗ ಸುತ್ತಿ ತೊಗೊತೀನಿ. ಅದೊಂದ ನನಗ ಧೈರ್ಯ.

ಪಲ್ಲವಿ


ಲಿವರ್‌ಪೂಲ್
23 ಫೆಬ್ರವರಿ 2007

ಪಲ್ಲೂ, ನನ್ನ ಕೂಸ,

ಅಂಟುವಾಳದಾಗ ಏನೂ ಇಲ್ಲ. ಅಂಗಡಿಗೆ ಹೋಗಿ ಜಗಳಾ ಮಾಡಿ, ಅದ ಚೀಲದ ಕಾಯಿ ಕುದಿಸಿ, ನಾನ ಅದರಾಗ ಕೈ ಅದ್ದಿ ಕೂತು ನೋಡೀನಿ. ಏನೂ ಆಗಿಲ್ಲ. ಅದು ಆ ಪೌಡರ್ರ, ಮೊದಲ ಮೈಗೆ ಇಳದಿತ್ತು, ಈಗ ಹೊರಗ ಬಿದ್ದೈತಿ. ಇಲ್ಲಾ ಅಂದ್ರ ನಿಮ್ಮತ್ತಿ ಅರಿಷಿಣ. ಎಲ್ಲಿ ತಂದಿದ್ದು, ಯಾವಾಗಿಂದು ಅಂತ ಕೇಳಿ ನೋಡು. ನಿನ್ನ ಮ್ಯಾಲ ಹಾಕಾಕ ಅವರ ಬಾಯಿಗೇನು, ಬರ್ತೈತಿ. ನೀ ಕುಗ್ಗಬ್ಯಾಡ.

ರಜಾ ಕೇಳೀನಿ, ಮುಂದಿನ ವಾರ ಕೊಡ್ತೀನಿ ಅಂದಾರ. ಅಲ್ಲೀತನಕ ಧೈರ್ಯ ಹಿಡಿ. ಕೌದಿ ಬಿಡಬ್ಯಾಡ. ಅದರಾಗ ಅವ್ವ ಅದಾಳ.

ವಾಸಂತಿ


ಲಿವರ್‌ಪೂಲ್
2 ಮಾರ್ಚ್ 2007

ಪಲ್ಲವಿ,

ಹೋದ ವಾರದಿಂದ ಫೋನ್ ಹಚ್ಚಾಕತ್ತೀನಿ, ಯಾರೂ ಎತ್ತವಲ್ರು. ಕಡೀಕ ವಿರೂಪಾಕ್ಷ ಆಫೀಸಿನ್ಯಾಗ ಸಿಕ್ರು. "ಅಕ್ಕಾರ, ಪೌಡರ್ ಅಲ್ಲ. ನಿಮ್ಮ ಕೌದಿ. ನುಸಿ ಗುಳಿಗಿ" ಅಂದು ಇಟ್ಟುಬಿಟ್ರು.

ಮೊದಲು ನನಗ ಸಿಟ್ಟು ಬಂತು, ಸುಳ್ಳ ಹೇಳೂದಿಲ್ಲ. ನುಸಿ ಗುಳಿಗಿ ಯಾರ ಮನ್ಯಾಗ ಇಲ್ಲ? ನಾವಿಬ್ಬರೂ ಅದರ ವಾಸನ್ಯಾಗ ಬೆಳದಿಲ್ಲೇನು? ಲೈಬ್ರರಿಗೆ ಹೋಗಿ ಕಂಪ್ಯೂಟರ್ ಮುಂದ ಕೂತೆ. ಕೆಲವು ಗಂಡುಕೂಸಿಗೆ ಹುಟ್ಟಿನಿಂದ ರಕ್ತದಾಗ ಏನೋ ಒಂದು ಅಂಶ ಕಡಿಮಿ ಇರ್ತೈತಂತ. ಅಂಥಾ ಕೂಸಿಗೆ ಆ ಗುಳಿಗಿ ಗಾಳಿನೂ ವಿಷಂತ. ರಕ್ತ ಒಡೀತೈತಂತ. ಬಟ್ಟಿ ಮಡಿಕ್ಯಾಗ ಕೂತದ್ದು ಕೂಸಿನ ಮೈಬಿಸಿಗೆ ಮ್ಯಾಲ ಎದ್ದು ಮೂಗಿಗೆ ಹೋಗ್ತೈತಂತ. ಲೈಬ್ರರಿ ಬಾಗಿಲಾ ಹಾಕೂತನಕ ಅದನ್ನ ಮತ್ತ ಮತ್ತ ಓದಕೋತ ಕೂತೆ.

ಒಗೀಬ್ಯಾಡ ಅಂದಾಕಿ ನಾನು. ತಲಿ ಮ್ಯಾಲಿಂದ ಹೊದಿಸು ಅಂದಾಕಿ ನಾನು. ಆಸ್ಪತ್ರ್ಯಾಗೂ ಬಿಡಬ್ಯಾಡ ಅಂತ ಬರದಾಕಿ ನಾನು. ಆ ಕಾಗದ ನಿನಗ ಮುಟ್ಟಿತೇನು? ಮುಟ್ಟಿರದಿದ್ರ ಸಾಕು. ಮುಟ್ಟಿದ್ರೂ ನೀ ಓದಿರದಿದ್ರ ಸಾಕು.

ಅಂವ ಹೆಂಗದಾನ? ಅದೊಂದು ಹೇಳು.

ವಾಸಂತಿ


ಲಿವರ್‌ಪೂಲ್
9 ಮಾರ್ಚ್ 2007

ಪಲ್ಲೂ,

ಟ್ರಂಕ್ ಹೊರಗ ಹಾಕಿದೆ. ಉಳದಿದ್ದ ಗುಳಿಗಿ ಕಸಕ್ಕ ಹಾಕಾಕ ಹೋದ್ರ ನಮ್ಮನಿಯವರು "ಕೌನ್ಸಿಲ್ಲಿನವರನ್ನ ಕೇಳು, ಅದನ್ನ ಹಂಗ ಬಿನ್ನಿಗೆ ಹಾಕಬಾರದು" ಅಂದ್ರು. ಕೇಳಬೇಕಂದ್ರ ನಿನ್ನನ್ನ ಕೇಳಬೇಕಿತ್ತು.

ರಜಾ ಸಿಕ್ಕೈತಿ, ಚೀಲಾ ಕಟ್ಟೀನಿ, ಆದ್ರ ಬರಾಕ ಕಾಲು ಬರವಲ್ದು. ನಿಮ್ಮ ಬಾಗಿಲಕ್ಕ ಬಂದು ನಿಂತ್ರ ನೀ ತಗೀತಿಯೋ ಇಲ್ಲೋ. ನಿನಗೊಂದು ಮಾತು ಹೇಳಬೇಕು. ಆ ಕೌದಿ ನಾ ನನ್ನ ಕೂಸಿಗಂತ ಹೊಲದಿದ್ದು. ಐದು ತಿಂಗಳಿಗೆ ಹೋತದು. ನೀ ಆವಾಗ ಕಾಲೇಜಿನ್ಯಾಗ ಇದ್ದಿ, ಅವ್ವ ನಿನಗ ಹೇಳಬ್ಯಾಡ ಅಂದ್ಲು. ಇಷ್ಟ ವರ್ಷ ಆ ಕೌದಿ ಕಾಪಾಡಿಟ್ಟಿದ್ದು, ಮತ್ತ ಮತ್ತ ಗುಳಿಗಿ ಹಾಕಿ ಹಾಕಿ ಇಟ್ಟಿದ್ದು, ಎಲ್ಲಾ ಅದಕ್ಕ. ಇದನ್ನ ಕೇಳಿ ನನ್ನ ಮ್ಯಾಲ ಕನಿಕರ ಪಡು ಅಂತ ಬರದಿಲ್ಲ. ಕನಿಕರ ಬ್ಯಾಡ ನನಗ.

ಒಂದು ಸಾಲು ಬರಿ. ಬೈದು ಬರಿ, ಶಾಪಾ ಹಾಕಿ ಬರಿ. ಕೂಸು ಉಸುರಾಡಾಕತ್ತೈತಿ ಅಂತಷ್ಟರೆ ಬರಿ.

ವಾಸಂತಿ


ಕ್ಲೇಟನ್
16 ಮಾರ್ಚ್ 2007

ಅಕ್ಕಾ,

ಉಸುರಾಡಾಕತ್ತೈತಿ. ಮನಿಗೆ ಕರ್ಕೊಂಡು ಬಂದೀವಿ. ಎರಡು ಸಲ ರಕ್ತ ಬದಲಿ ಮಾಡಿದ್ರು. ಮೊದಲನೇ ಸಲ ಮಾಡಿದ ಮ್ಯಾಲ ಇಳದಿದ್ದ ಕಾಮಾಲಿ ಮತ್ತ ಏರ್ತು, ಯಾರಿಗೂ ತಿಳೀವಲ್ದು ಯಾಕಂತ. ಆವಾಗ ಡಾಕ್ಟರ್ ನನ್ನ ಕೈಯಾಗಿನ ಕೂಸನ್ನ ನೋಡಾಕ ಬಗ್ಗಿದ್ರು, ಬಗ್ಗಿದವರು ಹಂಗ ನಿಂತ್ರು, ಕೌದಿಗೆ ಮೂಗು ಹಚ್ಚಿದ್ರು. ಕೂಸನ್ನ ಎತ್ತಿಕೊಂಡು ಕೌದಿ ನನ್ನ ಕೈಯಾಗ ಬಿಟ್ಟು ಒಳಗ ಓಡಿದ್ರು. ನಾ ಖಾಲಿ ಕೌದಿ ಹಿಡಕೊಂಡು ನಿಂತಿದ್ದೆ.

ಪೌಡರ್‌ದ್ದು ಏನೂ ತಪ್ಪಿಲ್ಲ. ಮೂರರಾಗ ಯಾವದರದ್ದೂ ಇಲ್ಲ. ಗುಳ್ಳಿ ಬ್ಯಾಸಗೀದ ಆಗಿತ್ತು, ಜಿಪಿ ಮೊದಲ ಹೇಳಿದ್ರಲ್ಲ. ಮೊನ್ನೆ ನ್ಯಾಪಿ ಒಗ್ಯಾಕ ಏನರೆ ತರಬೇಕಂತ ಅಂಗಡಿಗೆ ಹೋಗಿದ್ದೆ. ಒಂದೊಂದ ಡಬ್ಬಿ ತಗೊಂಡು ಮೂಸಿ ನೋಡಿ ಮತ್ತ ಇಟ್ಟೆ. ಎಲ್ಲಾನೂ ಮೂಸಿದೆ. ಏನೂ ತೊಗೊಳ್ಳಲಾರದ ಹೊರಗ ಬಂದು ಕಾರಿನ್ಯಾಗ ಕೂತು ಅತ್ತೆ. ಈಗ ಅತ್ತಿ ತಾವ ನ್ಯಾಪಿ ಬರೇ ಬಿಸಿನೀರಾಗ ಒಗದು ಬಿಸಿಲಿಗೆ ಹಾಕಾಕತ್ಯಾರ. ಕಾಮಾಲಿ ಅರಿಷಿಣದ ಬಣ್ಣದಾಗ ಮುಚ್ಚಿಹೋತಲ್ಲ ಅಂತ ಅವರಿಗೂ ಚುಚ್ಚಾಕತ್ತೈತಿ. ನಾ ಎರಡು ಪ್ಯಾಕೆಟ್ ಪ್ಲಾಸ್ಟಿಕ್ ನ್ಯಾಪಿನೂ ತಂದಿಟ್ಟೀನಿ.

ನಿನ್ನ ಕಾಗದ ಎಲ್ಲಾ ಬಂದುವು. ಕೌದಿ ಬಿಡಬ್ಯಾಡ ಅಂತ ಬರದಿದ್ದೂ ಬಂತು. ಓದೀನಿ. ಐದು ತಿಂಗಳದ್ದೂ ಓದೀನಿ. ಭಾಳ ದಿನ ಉತ್ತರ ಬರ್ಯಾಕ ಮನಸ್ಸಾಗಲಿಲ್ಲ. ಬರದ್ರ ಏನು ಬರೀತಿದ್ನೋ ನನಗ ಹೆದರಿಕಿ ಇತ್ತು.

ಈಗ ನೀನೂ ಒಂದು ತಿಳಕೋ. ಪಾರ್ಸಲ್ ಬಂದ ದಿನ ವಿರೂಪಾಕ್ಷ "ಇದನ್ನ ಒಮ್ಮೆ ಒಗದು ಬಿಸಿಲಿಗೆ ಹಾಕು, ವಾಸನಿಗೆ ತಲಿ ಸಿಡೀತೈತಿ" ಅಂದಿದ್ರು. ನಾ ಒಗೀಲಿಲ್ಲ. ಸೋಪು ಹತ್ತತೈತಿ ಅಂತ ಅಲ್ಲ, ನೀ ಬ್ಯಾಡ ಅಂದಿದ್ದಿ ಅಂತನೂ ಅಲ್ಲ. ಒಗದ್ರ ಅವ್ವನ ವಾಸನಿ ಹೋಗಿಬಿಡ್ತೈತಿ ಅಂತ ಒಗೀಲಿಲ್ಲ. ನನಗೂ ತಲಿ ನೋಯ್ತಿತ್ತು ಅಕ್ಕಾ. ಯಾರಿಗೂ ಹೇಳಲಿಲ್ಲ.

ಕಿವಿ ಟೆಸ್ಟ್ ಮಾಡಿದ್ರು. ಎರಡೂ ಕಿವ್ಯಾಗ ಉತ್ತರ ಬರಲಿಲ್ಲ. ಒಮ್ಮೊಮ್ಮೆ ಮೊದಲನೇ ಸಲ ಹಿಂಗ ಆಗ್ತೈತಿ, ಇನ್ನೊಮ್ಮೆ ನೋಡೂಣು ಅಂದಾರ. ಅತ್ತಿ ಅಡಗಿಮನ್ಯಾಗ ಬೇಕಂತನ ತಾಟು ಕೆಡವ್ತಾರ. ನಾ ಓಡಿಹೋಗಿ ಅಂವನ ಮಾರಿ ನೋಡ್ತೀನಿ. ಒಮ್ಮೆ ಬೆಚ್ಚಿದಂಗ ಕಾಣ್ತೈತಿ, ಒಮ್ಮೆ ಇಲ್ಲ. ಬೆಚ್ಚಿದ್ದು ಸಪ್ಪಳಕ್ಕೋ, ನಾ ಓಡಿಬಂದ ಗಾಳಿಗೋ ಗೊತ್ತಾಗೂದಿಲ್ಲ.

ಇಪ್ಪತ್ಮೂರಕ್ಕ ಎರಡನೇ ಟೆಸ್ಟ್ ಐತಿ. ನೀ ಬಾ. ಬರೂವಾಗ ಏನೂ ತರಬ್ಯಾಡ, ಒಂದು ಬಟ್ಟಿ ಸೈತ ತರಬ್ಯಾಡ. ಕ್ಷಮಾ ಮಾಡೀನಿ ಅಂತ ತಿಳ್ಕೊಂಡೂ ಬರಬ್ಯಾಡ, ಮಾಡಿಲ್ಲ. ಕೂಸಿಗೆ ಕೇಳೂದಿಲ್ಲ ಅಂತ ಅವರು ಅಂದ್ರ, ಆವಾಗ ಬಾಯಿಗೆ ಬಂದಂಗ ಬಯ್ಯಾಕ ನನಗ ಒಬ್ಬರು ಬೇಕು. ವಿರೂಪಾಕ್ಷನ್ನ ಬೈದ್ರ ನನ್ನ ಮನಿ ಉಳಿಯೂದಿಲ್ಲ. ನನ್ನ ನಾನ ಬೈಕೊಂಡ್ರ ಅಂವಗ ಹಾಲು ಕುಡಿಸಾಕ ನಾ ಉಳಿಯೂದಿಲ್ಲ. ನೀ ತಡಕೋತಿ. ಬಂದು ನನ್ನ ಬಾಜೂಕ ಕೂಡು.

ಪಲ್ಲವಿ